ಓದುಗರ ಪ್ರಶ್ನೆ: ಜೋಕಾಲಿಗೆ ವೇಗ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಪಂಚಮಿಗೆ ನಮ್ಮ ಓಣಿಯ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ಇಬ್ಬರು ಕುಂತ್ರ ಒಬ್ಬರು ಕುಂತಿದ್ದಕ್ಕಿಂತ ಜೋರು ಬರತೈತಿ ಅಂತ ನಮ್ಮಣ್ಣ ಅಂತಾನ. ಖರೇನ? ಮ್ಯಾಲೆ ಹೋದಾಗ ಒಂದು ಕ್ಷಣ ನಿಂತಂಗ ಆಗತೈತಿ, ಆವಾಗ ಅದರ ಶಕ್ತಿ ಎಲ್ಲಿ ಹೋಗಿರತೈತಿ?
– 7ನೇ ತರಗತಿ ವಿದ್ಯಾರ್ಥಿನಿ, ಹಳೇ ಹುಬ್ಬಳ್ಳಿ

ಉತ್ತರ: ಮೊದಲು ನಿನ್ನ ಎರಡನೇ ಪ್ರಶ್ನೆ. ತುದಿಯಲ್ಲಿ ಜೋಕಾಲಿ ನಿಂತಾಗ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ನೀನು ಏರಿದ ಎತ್ತರದಲ್ಲಿ ಅದು ಜಮಾ ಆಗಿರುತ್ತದೆ. ಇದೇ ಪ್ರಚ್ಛನ್ನ ಶಕ್ತಿ. ಕೆಳಗೆ ಬರುತ್ತ ಎತ್ತರ ಕಡಿಮೆಯಾದಷ್ಟೂ ಅದು ಚಲನಶಕ್ತಿಯಾಗುತ್ತದೆ, ಆಚೆ ಬದಿ ಏರುವಾಗ ಮತ್ತೆ ಎತ್ತರವಾಗುತ್ತದೆ.

ಲೆಕ್ಕ ಹಾಕಿ ನೋಡು. ನಿನ್ನ ತೂಕ 30 ಕೆ.ಜಿ. ಎಂದುಕೊಳ್ಳೋಣ. ಮಣೆ ತನ್ನ ಅತಿ ಕೆಳಗಿನ ಜಾಗಕ್ಕಿಂತ 2 ಮೀಟರ್ ಮೇಲೆ ಹೋಯಿತು. ಪ್ರಚ್ಛನ್ನ ಶಕ್ತಿ = 30 × 9.8 × 2 = 588 ಜೂಲ್ (9.8 ಎಂದರೆ ಭೂಮಿಯ ಸೆಳೆತದ ಲೆಕ್ಕ, ಜೂಲ್ ಎಂದರೆ ಶಕ್ತಿಯ ಅಳತೆ). ಕೆಳಗೆ ಬಂದಾಗ ಇಷ್ಟೂ ಚಲನಶಕ್ತಿಯಾಗಬೇಕು. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 15 × ವೇಗದ ವರ್ಗ = 588. ಹಾಗಾದರೆ ವೇಗದ ವರ್ಗ 39.2, ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಅಂದರೆ ಗಂಟೆಗೆ 22 ಕಿ.ಮೀ.ಗಿಂತ ಹೆಚ್ಚು. ಸೈಕಲ್ ಜೋರಾಗಿ ತುಳಿದಾಗಿನ ವೇಗ ಇದು!

ಈಗ ಅಣ್ಣನ ಮಾತು. ಇಬ್ಬರು ಕೂತರೆ 60 ಕೆ.ಜಿ., ಅದೇ ಎತ್ತರದಲ್ಲಿ ಶಕ್ತಿ 1,176 ಜೂಲ್. ಆದರೆ ಅಷ್ಟು ಶಕ್ತಿ 60 ಕೆ.ಜಿ.ಯನ್ನು ಓಡಿಸಬೇಕಲ್ಲ? 30 × ವೇಗದ ವರ್ಗ = 1,176 ಎಂದು ಬಿಡಿಸಿದರೂ ಮತ್ತೆ 39.2 ಬರುತ್ತದೆ. ವೇಗ ಒಂದೇ. ಹೆಚ್ಚಾಗುವುದು ಹಗ್ಗದ ಮೇಲಿನ ಭಾರ, ಇದನ್ನು ಅಣ್ಣನಿಗೆ ತಪ್ಪದೆ ಹೇಳು. 6 ಮೀಟರ್ ಉದ್ದದ ಹಗ್ಗವಾದರೆ, ಕೆಳಗಿನ ತುದಿಯನ್ನು ದಾಟುವ ಕ್ಷಣದಲ್ಲಿ 60 ಕೆ.ಜಿ.ಯ ಇಬ್ಬರು ಹಗ್ಗಕ್ಕೂ ಟೊಂಗೆಗೂ 100 ಕೆ.ಜಿ.ಯಷ್ಟು ಭಾರವಾಗುತ್ತಾರೆ. ಸುಮ್ಮನೆ ಕೂತು ಹಗ್ಗ ಗಟ್ಟಿ ಇದೆ ಎಂದುಕೊಂಡರೆ ಸಾಲದು. ಟೊಂಗೆಗೆ ಉಜ್ಜುವ ಕಡೆ ಎಳೆ ಬಿಚ್ಚಿದೆಯೇ ಎಂದು ದೊಡ್ಡವರು ಮೇಲೆ ಹತ್ತಿ ನೋಡಬೇಕು.

ಪರೀಕ್ಷೆಯಲ್ಲಿ ಬಹಳ ಮಕ್ಕಳು ತಪ್ಪುವ ಜಾಗ ಇನ್ನೊಂದಿದೆ. ಜೋಕಾಲಿ ಅರ್ಧ ಎತ್ತರಕ್ಕೆ, ಅಂದರೆ 1 ಮೀಟರಿಗೆ ಇಳಿದಾಗ ಚಲನಶಕ್ತಿ ಅರ್ಧ, ಸರಿ. ಆದರೆ ವೇಗ ಅರ್ಧವಲ್ಲ. ವರ್ಗ 19.6, ಹಾಗಾಗಿ ವೇಗ 4.4 ಮೀಟರ್. ಅರ್ಧ ದಾರಿಯಲ್ಲೇ ಮುಕ್ಕಾಲು ಪಾಲಿನ ಹತ್ತಿರದಷ್ಟು ವೇಗ ಬಂದಿರುತ್ತದೆ.

ಯಾರೂ ನೂಕದೆ ಜೀಕುವಾಗ ಶಕ್ತಿ ನಿನ್ನ ಕಾಲಿನಿಂದಲೇ ಬರುತ್ತದೆ. ನಿಂತು ಜೀಕುವವರನ್ನು ಗಮನಿಸು: ತುದಿಯಲ್ಲಿ ಮೊಣಕಾಲು ಮಡಚಿ ಕುಕ್ಕರಿಸುತ್ತಾರೆ, ಕೆಳಗೆ ಬಂದಾಗ ಎದ್ದು ನಿಲ್ಲುತ್ತಾರೆ. ಕೆಳಗೆ ಮೈ ಅತಿ ಭಾರವಾಗಿರುವಾಗ ಎತ್ತುವುದರಿಂದ ಪ್ರತಿ ಸಲವೂ ಒಂದಿಷ್ಟು ಜೂಲ್ ಜೋಕಾಲಿಗೆ ಸೇರುತ್ತದೆ. ಇದನ್ನೇ ತಿರುವುಮುರುವು ಮಾಡಿದರೆ ಜೋಕಾಲಿ ಬೇಗ ನಿಲ್ಲುತ್ತದೆ.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲರು ಮೆಣಸಿನಕಾಯಿ ಚೀಲ ಹೊತ್ತು ನಿಂತರೆ ಕೆಲಸ ಸೊನ್ನೆ ಎಂದು ಪುಸ್ತಕ ಹೇಳುತ್ತದೆ. ಮತ್ತೆ ಬೆವರು ಯಾಕೆ?
– 8ನೇ ತರಗತಿ ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಸೊನ್ನೆ ಎನ್ನುವುದು ಚೀಲದ ಲೆಕ್ಕ, ಹಮಾಲರ ಮೈಯ ಲೆಕ್ಕವಲ್ಲ. 40 ಕೆ.ಜಿ. ಚೀಲವನ್ನು ನೆಲದಿಂದ 1.2 ಮೀಟರ್ ಎತ್ತರದ ಲಾರಿಗೆ ಏರಿಸಿದಾಗ ಚೀಲಕ್ಕೆ ಸುಮಾರು 470 ಜೂಲ್ ಸಿಕ್ಕಿತು. ಹೆಗಲ ಮೇಲೆ ಇಟ್ಟುಕೊಂಡು ನಿಂತಷ್ಟು ಹೊತ್ತೂ ಅದಕ್ಕೆ ಹೊಸದಾಗಿ ಏನೂ ಸೇರುವುದಿಲ್ಲ. ಆದರೆ ಬಿಗಿ ಹಿಡಿದ ಸ್ನಾಯುವಿನ ಎಳೆಗಳು ಒಂದೇ ಸಮ ಆಹಾರದ ಶಕ್ತಿಯನ್ನು ಖರ್ಚು ಮಾಡುತ್ತವೆ, ಅದೆಲ್ಲ ಶಾಖವಾಗುತ್ತದೆ. ಬೆವರು ಬರುವುದು ಅದಕ್ಕೇ.

ಪ್ರಶ್ನೆ: ಸ್ಕೇಲಿನ ಕೆಳಗೆ ಪುಸ್ತಕ ಇಟ್ಟು ಗೋಲಿ ಉರುಳಿಸಿ, ಅದು ಬೆಂಕಿಪೊಟ್ಟಣವನ್ನು ಎಷ್ಟು ದೂರ ತಳ್ಳುತ್ತದೆ ಎಂದು ಮಕ್ಕಳಿಂದ ಅಳೆಸಿದೆ. ಎತ್ತರ ಎರಡು ಪಟ್ಟಾದರೂ ದೂರ ಎರಡು ಪಟ್ಟಾಗುತ್ತಿಲ್ಲ. ದೋಷ ಎಲ್ಲಿದೆ?
– ವಿಜ್ಞಾನ ಶಿಕ್ಷಕಿ, ಧಾರವಾಡ ತಾಲೂಕು

ಉತ್ತರ: ದೋಷ ಹೆಚ್ಚಾಗಿ ಸ್ಕೇಲು ಮೇಜನ್ನು ಮುಟ್ಟುವ ಮೂಲೆಯಲ್ಲಿರುತ್ತದೆ ಮೇಡಂ. ಪುಸ್ತಕ ಹೆಚ್ಚಿಸಿದಂತೆ ಇಳಿಜಾರು ಕಡಿದಾಗುತ್ತದೆ, ಗೋಲಿ ಮೇಜಿಗೆ ಬಡಿದು ಪುಟಿಯುತ್ತದೆ. ಎತ್ತರ ಹೆಚ್ಚಾದಷ್ಟೂ ಆ ಬಡಿತದಲ್ಲಿ ಕಳೆದುಹೋಗುವ ಪಾಲೂ ಹೆಚ್ಚು.

ಅದಕ್ಕೆ ಇಳಿಜಾರನ್ನು ಬದಲಿಸಲೇಬೇಡಿ. ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ 1 ಮೀಟರ್ ತನ್ನಿ. ಮುಚ್ಚಳ ತೆಗೆದರೆ ಗೋಲಿಗೆ ಒಳ್ಳೆಯ ಕಾಲುವೆ. ಮೇಲಿನ ತುದಿಯನ್ನು 30 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ಕೆಳಗಿನ 15 ಸೆಂ.ಮೀ. ಭಾಗವನ್ನು ಮೇಜಿಗೆ ಟೇಪಿನಿಂದ ಅಂಟಿಸಿ. ಪಟ್ಟಿ ತಾನೇ ಮೆತ್ತಗೆ ಬಾಗುತ್ತದೆ, ಮೂಲೆ ಉಳಿಯುವುದಿಲ್ಲ. ಮೇಜಿನಿಂದ ನೆಟ್ಟಗೆ ಮೇಲಕ್ಕೆ ಅಳೆದು 5, 10, 20 ಸೆಂ.ಮೀ.ಗೆ ಪಟ್ಟಿಯ ಮೇಲೆ ಗುರುತು ಹಾಕಿ. ಮಕ್ಕಳು ಪಟ್ಟಿಯ ಉದ್ದಕ್ಕೇ ಟೇಪು ಹಿಡಿಯುತ್ತಾರೆ. ಪಟ್ಟಿ ಬಾಗಿರುವುದರಿಂದ ಹಾಗೆ ಅಳೆದರೆ ಲೆಕ್ಕ ಕೂಡುವುದಿಲ್ಲ.

ಬೆಂಕಿಪೊಟ್ಟಣ ಬಿಡಿ. ಅದು ಅಡ್ಡ ತಿರುಗುತ್ತದೆ, ಗೋಲಿ ಹಿಂದಕ್ಕೆ ಸಿಡಿಯುತ್ತದೆ. ಚಹಾದ ಕಾಗದದ ಕಪ್ಪನ್ನು ಬೋರಲು ಹಾಕಿ, ಅಂಚಿನಲ್ಲಿ 3 ಸೆಂ.ಮೀ. ಅಗಲದ ಬಾಗಿಲು ಕತ್ತರಿಸಿ ಪಟ್ಟಿಯ ಬಾಯಿಗೆ ಇಡಿ. ಗೋಲಿ ಒಳಗೆ ಸೇರಿಕೊಂಡು ಕಪ್ಪನ್ನು ಜೊತೆಗೇ ಒಯ್ಯುತ್ತದೆ. ಕಪ್ ತೀರ ದೂರ ಜಾರಿದರೆ ಮೇಲೆ ಒಂದು ನಾಣ್ಯ ಅಂಟಿಸಿ, ಆದರೆ ಮೂರೂ ಎತ್ತರಕ್ಕೆ ಅದೇ ಕಪ್, ಅದೇ ನಾಣ್ಯ ಇರಲಿ. ಗೋಲಿಯನ್ನು ಬೆರಳಿನಿಂದ ಬಿಡಬೇಡಿ, ಅರಿವಿಲ್ಲದೆ ನೂಕಿಬಿಡುತ್ತೇವೆ. ಸ್ಕೇಲು ಅಡ್ಡ ಹಿಡಿದು ಮೇಲಕ್ಕೆತ್ತಿ. ಪ್ರತಿ ಎತ್ತರಕ್ಕೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ದೂರಗಳು ಸರಿಸುಮಾರು 1:2:4 ಬಂದರೆ ಪ್ರಯೋಗ ಗೆದ್ದಂತೆ.

ಜಾಣ ಮಕ್ಕಳು ವೇಗವನ್ನೂ ಅಳೆಯಲು ಹೊರಟರೆ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. ಉರುಳುವ ಗೋಲಿ ಮುಂದೆ ಓಡುವುದಷ್ಟೇ ಅಲ್ಲ, ತನ್ನ ಸುತ್ತ ತಿರುಗುತ್ತಲೂ ಇರುತ್ತದೆ. ಸಪಾಟು ನೆಲದ ಮೇಲೆ ಅದರ ಚಲನಶಕ್ತಿಯ ಏಳರಲ್ಲಿ ಎರಡು ಪಾಲು ಆ ತಿರುಗುವಿಕೆಯಲ್ಲೇ ಇರುತ್ತದೆ.

ಪ್ರಶ್ನೆ: ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಗುಡ್ಡದ ಮೇಲೆ ನಿಲ್ಲಿಸಿರುವುದು ಎತ್ತರದ ಪ್ರಚ್ಛನ್ನ ಶಕ್ತಿ ಸಿಗಲಿ ಎಂದೇ?
– 8ನೇ ತರಗತಿ ವಿದ್ಯಾರ್ಥಿ, ಮುಂಡರಗಿ

ಉತ್ತರ: ಅಲ್ಲ. ಯಂತ್ರ ಕೆಳಗೆ ಬೀಳುವುದಿಲ್ಲ, ಹಾಗಾಗಿ ಅದರ ಎತ್ತರದಿಂದ ಕರೆಂಟ್ ಬರುವುದಿಲ್ಲ. ಅದು ತೆಗೆದುಕೊಳ್ಳುವುದು ಬೀಸುವ ಗಾಳಿಯ ಚಲನಶಕ್ತಿಯನ್ನು. ಗುಡ್ಡದ ನೆತ್ತಿಯಲ್ಲಿ ಗಾಳಿ ಜೋರು, ಅಷ್ಟೇ ಕಾರಣ. ಆದರೆ ಆ ಜೋರಿನ ಬೆಲೆ ಎಷ್ಟು ನೋಡು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಒಂದು ಚದರ ಮೀಟರ್ ಚೌಕಟ್ಟಿನ ಮೂಲಕ ಪ್ರತಿ ಸೆಕೆಂಡಿಗೂ 6 ಕೆ.ಜಿ. ಗಾಳಿ ಹಾಯುತ್ತದೆ, ಅದರ ಚಲನಶಕ್ತಿ 75 ಜೂಲ್. ವೇಗ 10 ಮೀಟರ್ ಆದರೆ ಹಾಯುವ ಗಾಳಿಯೂ 12 ಕೆ.ಜಿ., ವೇಗದ ವರ್ಗ ನಾಲ್ಕು ಪಟ್ಟು: 600 ಜೂಲ್. ವೇಗ ಎರಡು ಪಟ್ಟು, ಶಕ್ತಿ ಎಂಟು ಪಟ್ಟು! ಇದರಲ್ಲಿ ಶೇ. 59ಕ್ಕಿಂತ ಹೆಚ್ಚು ಯಾವ ರೆಕ್ಕೆಗೂ ದಕ್ಕದು. ಎಲ್ಲವನ್ನೂ ಕಿತ್ತುಕೊಂಡರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ.