ಬಂದೂಕಿನ ಲೇಖನ: ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಬಂದೂಕು ನೋಂದಣಿ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಯಾವ ದೇಶವೇ ಆಗಲಿ, ಪ್ರತಿಯೊಂದು ಬಂದೂಕೂ ಸರ್ಕಾರದ ಪಟ್ಟಿಯಲ್ಲಿ ಇರಬೇಕು, ಬೇಡ ಅನ್ನುವವರಿಗೆ ಜನರ ಜೀವಕ್ಕಿಂತ ಬಂದೂಕೇ ಜಾಸ್ತಿ ಅನ್ನುವುದು ನಿಮ್ಮ ವಾದ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ. ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟುದ್ದದ ಉತ್ತರ. ಇಲ್ಲದಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲು ಒಂದು ಗೊಂದಲ. ಲೈಸೆನ್ಸ್, ನೋಂದಣಿ ಎರಡೂ ಒಂದೇ ಎಂಬಂತೆ ಬರೆದಿದ್ದೀರಿ. ಲೈಸೆನ್ಸ್ ಮನುಷ್ಯನಿಗೆ, ನೋಂದಣಿ ವಸ್ತುವಿಗೆ. ಗಾಡಿ ಓಡಿಸುವವನ ಲೈಸೆನ್ಸ್ ಬೇರೆ, ಗಾಡಿಯ ನಂಬರ್ ಬೇರೆ, ಅಲ್ವಾ? ಸಣ್ಣ ತಪ್ಪು ಅನ್ನಬೇಡಿ, ಜಗಳ ಇರುವುದೇ ಇಲ್ಲಿ. ನ್ಯೂಜಿಲೆಂಡ್ 1983ರಲ್ಲಿ ಮಾಮೂಲಿ ರೈಫಲ್, ಶಾಟ್‌ಗನ್‌ಗಳ ನೋಂದಣಿಯನ್ನು ಕೈಬಿಟ್ಟಿತು. ಆಳನ್ನು ವಿಚಾರಿಸಿ ಲೈಸೆನ್ಸ್ ಕೊಟ್ಟರೆ ಸಾಕು ಎಂಬ ಲೆಕ್ಕಾಚಾರ. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಹತ್ತಿರವೂ ಲೈಸೆನ್ಸ್ ಇತ್ತು. ಆಮೇಲೆ ಸರ್ಕಾರ ಬಹುತೇಕ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದೊಡನೆ ಮುಂದಿನದು ತಾನೇ ಸಿದ್ಧವಾಗುವ) ಬಂದೂಕುಗಳನ್ನು ನಿಷೇಧಿಸಿ, ದುಡ್ಡು ಕೊಟ್ಟು ವಾಪಸ್ ತೆಗೆದುಕೊಂಡಿತು. 56 ಸಾವಿರಕ್ಕೂ ಹೆಚ್ಚು ಬಂದವು. ಬರದೆ ಉಳಿದವು ಎಷ್ಟು? ಹೆಚ್ಚಿನವಕ್ಕೆ ಪಟ್ಟಿಯೇ ಇರಲಿಲ್ಲ, ಯಾರು ಹೇಳಬೇಕು? 2023ರ ಜೂನ್‌ನಲ್ಲಿ ಅಲ್ಲಿ ನೋಂದಣಿ ಮತ್ತೆ ಶುರುವಾಯಿತು. ನಿಮ್ಮ ಪರವಾಗಿ ಇದಕ್ಕಿಂತ ಗಟ್ಟಿ ಉದಾಹರಣೆ ನನಗಂತೂ ಗೊತ್ತಿಲ್ಲ. ನೀವು ಅದನ್ನು ಮುಟ್ಟೇ ಇಲ್ಲ.

ಇನ್ನೊಂದು ಮಾತು. ಬಂದೂಕಿನ ಮಾಲೀಕನೊಬ್ಬ ಇದೇ ಕಥೆಯನ್ನು ಓದಿದರೆ ಏನನ್ನುತ್ತಾನೆ? 'ನೋಡಿದಿರಾ, ಇವತ್ತು ಸರಿ ಇದ್ದದ್ದು ನಾಳೆ ನಿಷೇಧ. ಪಟ್ಟಿ ಇದ್ದಿದ್ದರೆ ನೇರ ನನ್ನ ಮನೆ ಬಾಗಿಲಿಗೇ ಬರುತ್ತಿದ್ದರು.' ಈ ಭಯ ಹುಚ್ಚಲ್ಲ. ಅದಕ್ಕೆ ಉತ್ತರ ಕೊಡಿ. ಅವನನ್ನು ಮೂರ್ಖ ಅಂದುಬಿಟ್ಟರೆ ಉತ್ತರ ಕೊಟ್ಟಂತಾಗುವುದಿಲ್ಲ. ಜಪ್ತಿಯ ಭಯದ ಜೊತೆಗೆ ಗುಟ್ಟು ರಟ್ಟಾಗುವ ಭಯವೂ ಇದೆ. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ಎರಡು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪಿಸ್ತೂಲು ಪರವಾನಗಿದಾರರ ಹೆಸರು, ವಿಳಾಸಗಳನ್ನು ನಕ್ಷೆ ಮಾಡಿ ಹಾಕಿಬಿಟ್ಟಿತು. ಎಷ್ಟು ಗಲಾಟೆ ಆಯಿತೆಂದರೆ, ಮುಂದಿನ ತಿಂಗಳು ಬಂದ ಕಾಯ್ದೆಯಲ್ಲಿ ಹೆಸರು ಗುಟ್ಟಾಗಿಡಲು ಕೇಳಿಕೊಳ್ಳುವ ಅವಕಾಶ ಸೇರಿತು. ಪಟ್ಟಿ ಬೇಕು ಅನ್ನುವವರು ಪಟ್ಟಿಯನ್ನು ಯಾರು ನೋಡಬಹುದು ಅನ್ನುವುದನ್ನೂ ಹೇಳಬೇಕು. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

'ಅಮೆರಿಕದಲ್ಲಿ ನೋಂದಣಿಯೇ ಇಲ್ಲ' ಎಂದಿದ್ದೀರಿ. ಅರ್ಧ ಸರಿ. ಮೆಷಿನ್ ಗನ್, ಸೈಲೆನ್ಸರ್‌ಗಳಿಗೆ 1934ರಿಂದಲೂ ಕೇಂದ್ರದ ನೋಂದಣಿ ಇದೆ. ಹವಾಯಿ ರಾಜ್ಯ ಎಲ್ಲ ಬಂದೂಕುಗಳನ್ನೂ ನೋಂದಾಯಿಸುತ್ತದೆ. ಉಳಿದಂತೆ ಕೇಂದ್ರ ಸರ್ಕಾರ ಮಾಲೀಕರ ಪಟ್ಟಿ ಮಾಡಕೂಡದು ಎಂದು 1986ರ ಕಾಯ್ದೆ ಕೈ ಕಟ್ಟಿಹಾಕಿದೆ. ಇದನ್ನು ಬರೆಯುವಾಗ 1968ರ ಹೇನ್ಸ್ ಪ್ರಕರಣವನ್ನೂ ಓದಿ, ಮಜಾ ಇದೆ. ಇಟ್ಟುಕೊಳ್ಳಬಾರದ ಬಂದೂಕನ್ನು ಇಟ್ಟುಕೊಂಡವನು ಅದನ್ನು ನೋಂದಾಯಿಸಿದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ, ಆದ್ದರಿಂದ ನೋಂದಾಯಿಸಲಿಲ್ಲ ಎಂದು ಅವನನ್ನು ಶಿಕ್ಷಿಸುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್! ಅದೇ ವರ್ಷ ಆ ನೋಂದಣಿ ಕಾಯ್ದೆಯನ್ನು ತಿದ್ದಿ ಈ ತೊಡಕು ಬಿಡಿಸಿದರು ಅನ್ನುವುದನ್ನು ಸೇರಿಸಲು ಮರೆಯಬೇಡಿ. ಅರ್ಧ ಕಥೆ ಹೇಳಿ ನಗಿಸುವುದು ಸುಲಭ.

ಕೆನಡಾಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: 'ಬಂದೂಕು ಲಾಬಿಗೆ ಮಣಿದು ನೋಂದಣಿ ರದ್ದು ಮಾಡಿದರು.' ಅಷ್ಟೇನಾ? ಮಾಂಟ್ರಿಯಲ್‌ನಲ್ಲಿ 1989ರಲ್ಲಿ 14 ಹೆಣ್ಣುಮಕ್ಕಳ ಹತ್ಯೆ ಆಯಿತು. ಆ ನೋವಿನಿಂದ ಹುಟ್ಟಿದ್ದು ಎಲ್ಲ ಬಂದೂಕುಗಳಿಗೂ ನೋಂದಣಿ ತಂದ 1995ರ ಕಾಯ್ದೆ. ಶುಲ್ಕದ ಆದಾಯ ಕಳೆದರೆ ಸರ್ಕಾರಕ್ಕೆ ಬೀಳುವ ಖರ್ಚು 20 ಲಕ್ಷ ಡಾಲರ್ ಮಾತ್ರ ಎಂದಿದ್ದರು. 2002ರಲ್ಲಿ ಲೆಕ್ಕಪರಿಶೋಧಕರು ಬಂದು ಇದು 100 ಕೋಟಿ ಡಾಲರ್ ದಾಟಲಿದೆ ಎಂದರು. ಬೇಟೆಗಾರರೂ ರೈತರೂ ಸಿಟ್ಟಾಗಿದ್ದರು, ನಿಜ. ಅವರ ಕೈಗೆ ಅಸ್ತ್ರ ಕೊಟ್ಟಿದ್ದು ಮಾತ್ರ ಈ ಲೆಕ್ಕ. 2012ರಲ್ಲಿ ರದ್ದಾಗಿದ್ದು ಉದ್ದ ನಳಿಗೆಯ ಸಾಮಾನ್ಯ ಬಂದೂಕುಗಳ ನೋಂದಣಿ. ಲೈಸೆನ್ಸ್ ಹಾಗೇ ಉಳಿಯಿತು, 1934ರಿಂದ ಇದ್ದ ಪಿಸ್ತೂಲು ನೋಂದಣಿಯೂ ಉಳಿಯಿತು. ಕ್ವಿಬೆಕ್ ಪ್ರಾಂತ್ಯ ರದ್ದಾದ ನೋಂದಣಿಯ ಹಳೆಯ ದಾಖಲೆ ತನಗೆ ಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ಸೋತು, ಆಮೇಲೆ ತನ್ನದೇ ನೋಂದಣಿ ಮಾಡಿಕೊಂಡಿತು. ನಿಮಗೆ ಇಷ್ಟವಿಲ್ಲದ ಸಂಗತಿ ಇದರಲ್ಲಿದೆ: ಕೆಟ್ಟದಾಗಿ ನಡೆಸಿದರೆ ಒಳ್ಳೆ ಕಾಯ್ದೆಯೂ ಮುಗ್ಗರಿಸುತ್ತದೆ. ಅದನ್ನು ನೀವೇ ಬರೆಯಿರಿ. ಎದುರಿನವರು ಬರೆಯಲಿ ಎಂದು ಬಿಡಬೇಡಿ.

ಈಗ ಮೂರನೇ ಪುಟ. ಅಮೆರಿಕದ ಪೊಲೀಸರಿಗೆ ಸಿಕ್ಕ ಒಂದು ಬಂದೂಕಿನ ಹಿಂದೆ ನೀವು ಹೋಗುವ ಭಾಗ ಅದು. ಸೀರಿಯಲ್ ನಂಬರ್ ಹಿಡಿದು ಮೊದಲು ತಯಾರಿಸಿದ ಕಂಪನಿ, ಅಲ್ಲಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ, ಕೊನೆಗೆ ಮೊದಲ ಗಿರಾಕಿ. ಅಂಗಡಿ ಮುಚ್ಚಿದ್ದರೆ ಅದರ ಕಾಗದಗಳನ್ನು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಕೇಂದ್ರ ಸರ್ಕಾರದ ದಾಖಲೆ ಕಚೇರಿಯಲ್ಲಿ ಹುಡುಕಬೇಕು. ಮಾಲೀಕನ ಹೆಸರು ಹೊಡೆದು ಹುಡುಕಲು ಅಲ್ಲಿ ಬರುವುದಿಲ್ಲ. ಮೊದಲ ಗಿರಾಕಿ 'ಯಾರಿಗೋ ಮಾರಿದೆ' ಅಂದರೆ ಬಹಳಷ್ಟು ರಾಜ್ಯಗಳಲ್ಲಿ ದಾರಿ ಅಲ್ಲಿಗೇ ಮುಗಿಯಿತು. ಇಲ್ಲಿ ನೀವು ಯಾರನ್ನೂ ಬೈದಿಲ್ಲ, ಸುಮ್ನೆ ತೋರಿಸಿದ್ದೀರಿ. ನಾನು ಕಾಫಿ ಆರಿದ್ದು ಗೊತ್ತಾಗದೆ ಓದಿದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಇದರ ಹಿಂದಿನ ಎರಡು ಪುಟ ಬರೀ ಆವೇಶ, ತೆಗೆದುಬಿಡಿ. 'ರಕ್ತದಾಹಿ' ಅನ್ನುವ ಪದ ಐದು ಸಲ ಬಂದಿದೆ, ಐದೂ ಬೇಡ.

ನೋಂದಣಿ ಬೇಕು ಅನ್ನುವ ನಿಮ್ಮ ನಿಲುವನ್ನು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ನನ್ನದೂ ಹೆಚ್ಚುಕಡಿಮೆ ಅದೇ ನಿಲುವು. ಆದರೆ ನಾನು ಮೊದಲೇ ಒಪ್ಪಿದವನು, ನನಗಾಗಿ ಬರೆಯಬೇಕಿಲ್ಲ. ತಿದ್ದಿದ ಪ್ರತಿ ಕಳಿಸಿ, ನಾನೇ ಓದುತ್ತೇನೆ. ಶೀರ್ಷಿಕೆಯ ಕೊನೆಯಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆಗಳಿವೆ, ಅವನ್ನೂ ಕಳಿಸಬೇಡಿ.