ಹಿಮದ ಲೆಕ್ಕ ತಪ್ಪಿದಾಗ: ಸಂಪಾದಕರ ಉತ್ತರ

ಮಾನ್ಯರೇ,

ಮಗನ ಮನೆಗೆಂದು ಸ್ಯಾನ್ ಹೋಸೆಗೆ ಹೋಗಿರುವ ತಾವು, ಚಳಿಗಾಲದಲ್ಲಿ ಅಣೆಕಟ್ಟೆಗಳಿಂದ ನೀರನ್ನು ಹೊರಬಿಡುವ ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನೀರಿಗಾಗಿ ಏಕೆ ಪರದಾಡಬೇಕು, ಇದು ಆಡಳಿತದ ಹೊಣೆಗೇಡಿತನವಲ್ಲವೇ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಆದರೆ ಹೊಣೆಯನ್ನೆಲ್ಲ ಅಧಿಕಾರಿಗಳ ಮೇಲೆ ಹೊರಿಸಲು ನಾನು ಒಪ್ಪಲಾರೆ.

ನಮ್ಮಲ್ಲಿ ಬೇಸಿಗೆಯ ಬೆನ್ನಿಗೇ ಮುಂಗಾರು ಬರುತ್ತದೆ. ಅಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ. ಬೇಸಿಗೆ ಬಹುಪಾಲು ಒಣಗಾಲ. ಈ ಅಂತರವನ್ನು ತುಂಬುತ್ತ ಬಂದದ್ದು ಸಿಯೆರಾ ನೆವಾಡ ಪರ್ವತಗಳ ಹಿಮ. ರಾಜ್ಯದ ಬಳಕೆಯ ನೀರಿನಲ್ಲಿ ಸುಮಾರು ಶೇ. 30ರಷ್ಟು ಅದರಿಂದಲೇ ಬರುತ್ತದೆ. ಚಳಿಗಾಲದಲ್ಲಿ ಪ್ರವಾಹವನ್ನು ತಡೆಯಲು ಜಲಾಶಯದ ಒಂದು ಭಾಗವನ್ನು ಖಾಲಿ ಇಡಬೇಕು, ವಸಂತದಲ್ಲಿ ಕರಗಿ ಬರುವ ಹಿಮನೀರಿನಿಂದ ಅದನ್ನು ತುಂಬಿಸಿಕೊಳ್ಳಬೇಕು ಎಂಬ ನಿಯಮ ಹುಟ್ಟಿದ್ದೂ ಈ ಹಿಮವನ್ನು ನಂಬಿಯೇ. ತಾಪಮಾನ ಏರಿದಂತೆ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ, ಜಾಗ ಖಾಲಿ ಇರಲೇಬೇಕಾದ ತಿಂಗಳುಗಳಲ್ಲೇ ಒಮ್ಮೆಲೇ ಹರಿದು ಬರುತ್ತದೆ. ಹಿಡಿದಿಟ್ಟರೆ ಕೆಳಗಿನ ಊರುಗಳಿಗೆ ಅಪಾಯ. ಬಿಟ್ಟರೆ ಬೇಸಿಗೆಗೆ ನೀರಿಲ್ಲ. 2015ರ ಏಪ್ರಿಲ್ 1ರಂದು ಆ ಬೆಟ್ಟಗಳಲ್ಲಿದ್ದ ಹಿಮ ವಾಡಿಕೆಯ ಶೇ. 5ರಷ್ಟು ಮಾತ್ರ.

ಫೆದರ್ ನದಿಯ ಒರೊವಿಲ್ ಅಣೆಕಟ್ಟೆಯನ್ನೇ ನೋಡಿ. 2017ರ ಫೆಬ್ರವರಿಯಲ್ಲಿ ಅದರ ಕೋಡಿ ಕಾಲುವೆ ಒಡೆದು, 1.8 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಡಬೇಕಾಯಿತು. ನಿರ್ಮಾಣ ಮತ್ತು ನಿರ್ವಹಣೆಯ ಲೋಪಗಳನ್ನು ತನಿಖೆಯೇ ಎತ್ತಿ ತೋರಿಸಿತು. ಅಲ್ಲಿ ತಮ್ಮ ಸಿಟ್ಟು ಸರಿಯಾದದ್ದೇ. ಆದರೆ 2021ರ ಆಗಸ್ಟ್‌ನಲ್ಲಿ ಅದೇ ಜಲಾಶಯ ಎಷ್ಟು ಬತ್ತಿತೆಂದರೆ, ಅಲ್ಲಿನ ವಿದ್ಯುದಾಗಾರವನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷ ಡಿಕ್ಸಿ ಎಂಬ ಕಾಳ್ಗಿಚ್ಚು, ಆ ನದಿಯ ಜಲಾನಯನದ ಕಾಡುಗಳೂ ಸೇರಿದಂತೆ, ಸುಮಾರು 9.6 ಲಕ್ಷ ಎಕರೆಯನ್ನು ಸುಟ್ಟಿತು. ಹಿಮ ಬೇಗ ಕರಗಿದಷ್ಟೂ ಕಾಡು ಹೆಚ್ಚು ಕಾಲ ಒಣಗಿ ನಿಲ್ಲುತ್ತದೆ. ದಶಕಗಳ ಕಾಲ ಪ್ರತಿಯೊಂದು ಬೆಂಕಿಯನ್ನೂ ಆರಿಸುತ್ತ ಬಂದದ್ದರಿಂದ ಕೂಡಿಕೊಂಡ ಒಣ ಪೊದೆಗಳೂ ಅದಕ್ಕೆ ಸೇರುತ್ತವೆ. ಸುಟ್ಟ ಇಳಿಜಾರಿನ ಮೇಲೆ ಜೋರು ಮಳೆ ಬಿದ್ದರೆ ಏನಾಗುತ್ತದೆಂಬುದನ್ನು 2018ರ ಜನವರಿಯಲ್ಲಿ ಅದೇ ರಾಜ್ಯದ ಮಾಂಟೆಸಿಟೊ ಎಂಬ ಊರಿನ ಜನ ಕಂಡರು. ಕೆಸರು ಮತ್ತು ಬಂಡೆಗಳ ಪ್ರವಾಹ ಅಲ್ಲಿ 23 ಜೀವಗಳನ್ನು ಕೊಂಡೊಯ್ದಿತು. ಹೀಗಿರುವಾಗ ನೀರು, ಪ್ರವಾಹ, ಬೆಂಕಿಗಳನ್ನು ಮೂರು ಇಲಾಖೆಗಳು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ಸಾಲದೆಂಬುದು ನನ್ನ ದೃಢ ಅಭಿಪ್ರಾಯ.

ದಾರಿ ಇಲ್ಲವೆಂದಲ್ಲ. ಮೆಂಡೊಸಿನೊ ಜಲಾಶಯದಲ್ಲಿ, ಹಳೆಯ ಪಂಚಾಂಗದಂತಿದ್ದ ನಿಯಮಕ್ಕೇ ಅಂಟಿಕೊಳ್ಳದೆ ಬಿರುಮಳೆಯ ಮುನ್ಸೂಚನೆ ನೋಡಿ ನೀರು ಬಿಡುವ ಪ್ರಯೋಗ ನಡೆಯಿತು. 2020ರ ಒಣ ವರ್ಷದಲ್ಲಿ ಸುಮಾರು 11,000 ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ಎತ್ತರಕ್ಕೆ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ನೀರು ಹೆಚ್ಚುವರಿಯಾಗಿ ಉಳಿಯಿತು. ನೆರೆನೀರನ್ನು ಹೊಲಗಳಿಗೆ ಹರಿಸಿ ಅಂತರ್ಜಲಕ್ಕೆ ಇಂಗಿಸುವ ಕೆಲಸವೂ ಸಾಗಿದೆ. ಇವೆರಡನ್ನೂ ಬೇಗ ವಿಸ್ತರಿಸಬೇಕು. ಹಾಗೆ ಮಾಡದಿದ್ದರೆ ಆಗ ತಾವು ಆಡಳಿತವನ್ನು ದೂರುವುದು ಪೂರ್ತಿ ನ್ಯಾಯವಾಗುತ್ತದೆ.

— ಸಂಪಾದಕ