ಹೊಸ ಬಟ್ಟೆಯ ತುರಿಕೆ: ಗುಳ್ಳೆ ಎದ್ದ ಜಾಗವೇ ಸುಳಿವು

ಪ್ರಶ್ನೆ: ಹೊಸದಾಗಿ ಕೊಂಡ ಕಡುನೀಲಿ ಪಾಲಿಯೆಸ್ಟರ್ ಅಂಗಿಯನ್ನು ಒಗೆಯದೆಯೇ ನಾಲ್ಕೈದು ಬಾರಿ ತೊಟ್ಟಿದ್ದೆ. ಎರಡು ವಾರ ಕಳೆದ ಮೇಲೆ ಕಂಕುಳಿನ ಸುತ್ತ, ಕುತ್ತಿಗೆಯ ಬುಡದಲ್ಲಿ ಮತ್ತು ಮೊಣಕೈಯ ಒಳಮಡಿಕೆಯಲ್ಲಿ ಕೆಂಪು ಗುಳ್ಳೆಗಳೆದ್ದು ವಿಪರೀತ ತುರಿಕೆ ಶುರುವಾಯಿತು. ಬನಿಯನ್ ಇದ್ದ ಜಾಗದಲ್ಲಿ ಏನೂ ಆಗಿಲ್ಲ. ಒಮ್ಮೆ ಒಗೆದು ತೊಟ್ಟಾಗ ಮರುದಿನವೇ ಮತ್ತೆ ಕಾಣಿಸಿಕೊಂಡಿತು. ಇಂಥದೇ ಅಂಗಿ ತೊಡುವ ನನ್ನ ತಮ್ಮನಿಗೆ ಯಾವ ತೊಂದರೆಯೂ ಇಲ್ಲ. ದೋಷ ಬಟ್ಟೆಯದೋ, ನನ್ನ ಚರ್ಮದ್ದೋ? ಇನ್ನೂ ಹಲವು ಸಲ ಒಗೆದರೆ ಸರಿಹೋದೀತೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬನಿಯನ್ ಕುರಿತ ಮಾತು. ಬಟ್ಟೆ ನೇರವಾಗಿ ಮೈಗೆ ತಾಗಿ, ಬೆವರಿನಲ್ಲಿ ಒದ್ದೆಯಾಗಿ ಉಜ್ಜುವ ಕಡೆಯಲ್ಲೆಲ್ಲ ಗುಳ್ಳೆ ಎದ್ದು, ನಡುವೆ ಇನ್ನೊಂದು ಬಟ್ಟೆ ಅಡ್ಡವಿದ್ದ ಕಡೆ ಚರ್ಮ ಸ್ವಚ್ಛವಾಗಿ ಉಳಿದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಆ ಬಟ್ಟೆಯನ್ನೇ. ಕಂಕುಳನ್ನು ಕನ್ನಡಿಯಲ್ಲಿ ಗಮನವಿಟ್ಟು ನೋಡಿ: ಗುಳ್ಳೆಗಳು ಅಂಚಿನಲ್ಲಿ ಸಾಲುಗಟ್ಟಿ, ನಡುವಿನ ಗುಳಿ ಬಹುಮಟ್ಟಿಗೆ ಖಾಲಿಯಿದ್ದರೆ ಅದು ಬಟ್ಟೆಯ ಲಕ್ಷಣ, ಗುಳಿಯಲ್ಲೇ ಕೆಂಪಾಗಿದ್ದರೆ ಅಲ್ಲಿಗೆ ಹಚ್ಚುವ ಸುಗಂಧದ್ರವ್ಯವನ್ನೂ ಶಂಕಿಸಬೇಕಾಗುತ್ತದೆ.

ಪಾಲಿಯೆಸ್ಟರಿಗೆ ಹಾಕುವುದು ಸಾಮಾನ್ಯವಾಗಿ ಡಿಸ್ಪರ್ಸ್ ವರ್ಗದ ಬಣ್ಣಗಳನ್ನು. ಇವು ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಅದರೊಳಗೆ ಸೇರಿಕೊಂಡಿರುತ್ತವೆ ಅಷ್ಟೇ. ಆದ್ದರಿಂದ ಬೆವರು ಮತ್ತು ಉಜ್ಜಾಟದಿಂದ ಅತ್ಯಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ದಾಟಬಲ್ಲವು. ಕಡುನೀಲಿ, ಕಪ್ಪು ಮುಂತಾದ ಗಾಢ ಬಣ್ಣದ ಬಟ್ಟೆಗಳಲ್ಲಿ ಸಿಗುವ ಡಿಸ್ಪರ್ಸ್ ಬ್ಲೂ 106 ಮತ್ತು 124 ಎಂಬ ಎರಡು ಬಣ್ಣಗಳು ಅಲರ್ಜಿಗೆ ವಿಶೇಷವಾಗಿ ಹೆಸರಾಗಿವೆ. ಇಂಥ ವಸ್ತುವನ್ನು ದೇಹ ಮೊದಲ ಸಲ ‘ಗುರುತು ಹಿಡಿಯಲು’ ಸುಮಾರು 10ರಿಂದ 14 ದಿನ ಬೇಕು. ಒಮ್ಮೆ ಹಿಡಿದ ಮೇಲೆ, ಮರಳಿ ತಾಗಿದ ಒಂದೆರಡು ದಿನಗಳಲ್ಲೇ ಪ್ರತಿಕ್ರಿಯೆ ಏಳುತ್ತದೆ. ನಿಮಗೆ ಮೊದಲು ಎರಡು ವಾರ, ಆಮೇಲೆ ಒಂದೇ ದಿನ ಹಿಡಿದದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ತಮ್ಮನ ದೇಹ ಅದನ್ನು ಗುರುತು ಹಿಡಿದಿಲ್ಲ. ಹಾಗಾಗಿ ದೋಷ ಯಾರದೆಂದು ಒಬ್ಬರ ಮೇಲೆಯೇ ಹೊರಿಸುವಂತಿಲ್ಲ.

ಹೊಸ ಬಟ್ಟೆಯನ್ನು ಒಗೆದೇ ತೊಡಬೇಕೆಂಬುದು ಒಳ್ಳೆಯ ರೂಢಿ. ಹೆಚ್ಚುವರಿ ಬಣ್ಣವೂ ಮೇಲೆ ಉಳಿದ ರಾಸಾಯನಿಕಗಳೂ ಸಾಕಷ್ಟು ಹೋಗುತ್ತವೆ. ಆದರೆ ಅಲರ್ಜಿ ಬೇರೂರಿದ ಮೇಲೆ ಲವಲೇಶವೂ ಸಾಕಾಗುವುದರಿಂದ, ಈ ಅಂಗಿಯನ್ನು ಇನ್ನು ಹತ್ತು ಸಲ ಒಗೆದು ಪರೀಕ್ಷಿಸುವ ಸಾಹಸ ಬೇಡ. ತಮ್ಮನಿಗೇ ಕೊಟ್ಟುಬಿಡಿ. ಬದಲಿಗೆ ಹತ್ತಿ ಬಟ್ಟೆ ಕೊಳ್ಳುವಾಗ ‘ಸುಕ್ಕುಗಟ್ಟದು’, ‘ಇಸ್ತ್ರಿ ಬೇಡ’ ಎಂಬ ಚೀಟಿಯಿದ್ದರೆ ಎಚ್ಚರ: ಆ ಗುಣವನ್ನು ಬಹಳ ಸಲ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ರಾಳದ ಲೇಪದಿಂದ ತಂದಿರುತ್ತಾರೆ, ಅದೂ ಕೆಲವರಿಗೆ ಒಗ್ಗುವುದಿಲ್ಲ.

ಸದ್ಯಕ್ಕೆ ಸಡಿಲವಾದ, ತಿಳಿ ಬಣ್ಣದ ಹಳೆಯ ಹತ್ತಿ ಬಟ್ಟೆ ತೊಟ್ಟು, ಸುವಾಸನೆಯಿಲ್ಲದ ತೇವಕಾರಕ ಹಚ್ಚಿ. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮಾತ್ರ ನೀವಾಗಿಯೇ ಬಳಸಬೇಡಿ; ನಿಮ್ಮದು ನಿಜಕ್ಕೂ ಹುಳುಕಡ್ಡಿಯಾಗಿದ್ದರೆ ತುರಿಕೆ ತಗ್ಗಿದಂತೆ ತೋರಿ ಸೋಂಕು ಹಬ್ಬುತ್ತಲೇ ಹೋಗುತ್ತದೆ. ನಾನು ಬರೆದದ್ದೆಲ್ಲ ಪತ್ರ ಓದಿ ಮಾಡಿದ ಊಹೆ. ಖಚಿತವಾಗಬೇಕಾದರೆ ಗುಳ್ಳೆ ಮಾಗಿದ ಬಳಿಕ ಚರ್ಮತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಶಂಕಿತ ವಸ್ತುಗಳಿರುವ ಅಂಟುಪಟ್ಟಿಗಳನ್ನು ಬೆನ್ನಿಗಂಟಿಸಿ 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಹೋಗುವಾಗ ಆ ಅಂಗಿಯ ಒಂದು ತುಂಡನ್ನೂ ಒಯ್ಯಿರಿ (ತಮ್ಮನಿಗೆ ಕೊಡುವ ಮುನ್ನವೇ ಒಳಹೊಲಿಗೆಯಿಂದ ಕತ್ತರಿಸಿಟ್ಟುಕೊಳ್ಳಿ).

ಪ್ರಶ್ನೆ: ಹೊಸ ಜೀನ್ಸ್ ತೊಟ್ಟಾಗಿನಿಂದ ಹೊಕ್ಕುಳ ಕೆಳಗೆ ನಾಣ್ಯದಷ್ಟು ಜಾಗ ಕಪ್ಪಾಗಿ ತುರಿಸುತ್ತಿದೆ. ಡೆನಿಮ್ ನನಗೆ ಆಗುವುದಿಲ್ಲವೇ?

ಉತ್ತರ: ಡೆನಿಮ್ ಆಗದಿದ್ದರೆ ತೊಡೆಗಳೂ ತುರಿಸಬೇಕಿತ್ತು. ನಿಮ್ಮ ಗುಂಡಿಯಲ್ಲಿರುವ ನಿಕ್ಕಲ್ ಲೋಹದ ಮೇಲೆ ನನ್ನ ಅನುಮಾನ. ಅಗ್ಗದ ಓಲೆ ಹಾಕಿದಾಗ ಕಿವಿಯೂ ಸೋರುತ್ತದೆಯೆಂದಾದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಗುಂಡಿಗೆ ಉಗುರುಬಣ್ಣ ಬಳಿಯುವ ಉಪಾಯ ಕೆಲವು ದಿನ ನಡೆಯುತ್ತದೆ, ಸವೆದ ಕೂಡಲೇ ತುರಿಕೆ ಮರಳುತ್ತದೆ. ದರ್ಜಿಯ ಬಳಿ ಲೋಹದ ಗುಂಡಿ ತೆಗೆಸಿ ಪ್ಲಾಸ್ಟಿಕ್ಕಿನದನ್ನು ಹಾಕಿಸಿಕೊಳ್ಳಿ. ಜಿಪ್ಪಿನ ಹಿಂಬದಿಯನ್ನೂ ಬೆಲ್ಟಿನ ಬಕಲನ್ನೂ ಅದೇ ಕಣ್ಣಿನಿಂದ ನೋಡಿ.